ಬೆಲ್ಲದ ಬೋರ್ಡು, ನನ್ನ ಸರ್ವರು

ನಮ್ಮ ಸೋದರಮಾವನ ಆಲೆಮನೆ ಮಂಡ್ಯದಿಂದ ಸ್ವಲ್ಪ ಒಳಗೆ, ನಾಲೆ ಪಕ್ಕದಲ್ಲಿದೆ. ದೀಪಾವಳಿ ಮುಗಿದ ವಾರ ಮಾವ ಫೋನ್ ಮಾಡಿ, "ಅಳಿಯ, ನಂಗೂ ಒಂದು ವೆಬ್‌ಸೈಟ್ ಮಾಡ್ಕೊಡ್ಲಾ" ಎಂದರು. ಮೈಸೂರಿಂದ ಬರುವಾಗ ಅರ್ಧ ಕೇಜಿ ಮೈಸೂರುಪಾಕ್ ತಾರೋ ಎನ್ನುವ ಧಾಟಿಯಲ್ಲೇ. ನಾನು ಓದಿದ್ದು ಸಿವಿಲ್. ಆದರೆ ಮಾವನ ಪ್ರಕಾರ ಲ್ಯಾಪ್‌ಟಾಪ್ ಇರುವವರೆಲ್ಲ ಕಂಪ್ಯೂಟರ್‌ನವರೇ.

ಬೇಕಾಗಿದ್ದದ್ದು ಇಷ್ಟೇ. ಅಚ್ಚು, ಬಕೆಟ್, ಕುರಿಕಟ್ಟು, ಈ ಮೂರು ಬೆಲ್ಲದ ಆವತ್ತಿನ ದರ. ಸ್ಟಾಕ್ ಎಷ್ಟಿದೆ ಅಂತ. ಆರ್ಡರ್ ಕೊಡೋಕೆ ಒಂದು ಫಾರಂ. ದರ ದಿನಾ ಬದಲಾಗುವುದರಿಂದ ಒಂದು ಪುಟ ಬರೆದಿಟ್ಟು ಸುಮ್ನೆ ಕೂರುವ ಹಾಗಿಲ್ಲ, ದರ, ಸ್ಟಾಕು ಬರೆದಿಡೋಕೆ ಹಿಂದೆ ಒಂದು ಡೇಟಾಬೇಸ್ ಬೇಕು ಅಂತ ನಾನೇ ತೀರ್ಮಾನಿಸಿದೆ. ಅಲ್ಲಿಂದ ಶುರುವಾಯಿತು ನೋಡಿ.

ಮೊದಲು ಶೇರ್ಡ್ ಹೋಸ್ಟಿಂಗ್ ಹುಡುಕಿದೆ. ಒಂದೇ ಸರ್ವರಿನಲ್ಲಿ ಹತ್ತಾರು ವೆಬ್‌ಸೈಟು, ಅಂದರೆ ವಠಾರದ ಮನೆ. ನಲ್ಲಿ ಒಂದೇ, ಪಕ್ಕದವರು ಕಂಬಳಿ ಒಗೆಯೋಕೆ ಕೂತರೆ ನಮಗೆ ನೀರಿಲ್ಲ. ತಿಂಗಳಿಗೆ 79 ರೂಪಾಯಿ ಅಂತ ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ನಾಲ್ಕು ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಕು, ಆಮೇಲೆ ತಿಂಗಳಿಗೆ 349 ಅಂತ. ಮಾವನಿಗೆ ಓದಿ ಹೇಳಿದೆ. "ಮುಂಗಡ ಇಸ್ಕಂಡು ಕಬ್ಬು ಬೇರೆಯೋರ್ಗೆ ಹಾಕೋ ಪೈಕಿ ಅವ್ರು, ಬುಡು" ಎಂದರು. ನಿಜ ಹೇಳಬೇಕೆಂದರೆ ನಮ್ಮ ಬೆಲ್ಲಕ್ಕೆ ಆ ವಠಾರವೇ ಜಾಸ್ತಿ. ಆದರೆ ಅಷ್ಟೊತ್ತಿಗೆ ನನಗೆ ಸ್ವಂತ ಮನೆಯ ಹುಚ್ಚು ಹಿಡಿದಿತ್ತು.

ಸ್ವಂತ ಮನೆ ಅಂದರೆ ವಿಪಿಎಸ್, ದೊಡ್ಡ ಸರ್ವರಿನಲ್ಲಿ ನಮಗೇ ಅಂತ ಬೇರೆ ಮಾಡಿಕೊಟ್ಟ ಪಾಲು. ಒಂದು ಜಿಬಿ ಮೆಮೊರಿ, ಒಂದು ಸಿಪಿಯು, ಒಂದು ಕಪ್ಪು ಪರದೆ. ಗೋಡೆಯಿಂದ ಚಿಲಕದವರೆಗೆ ಎಲ್ಲ ನಾವೇ ಹಾಕಿಕೊಳ್ಳಬೇಕು. ಬೆಂಗಳೂರಿನ ಕಸಿನ್ ಒಬ್ಬ, "ಈಗೆಲ್ಲ ಕುಬರ್ನೆಟಿಸ್ ಕಣೋ" ಎಂದ. ಅದು ಹತ್ತಾರು ಸರ್ವರ್ ಒಟ್ಟಿಗೆ ನಡೆಸೋರ ಸಾಧನ. ಸ್ಪೀಕರಿನಲ್ಲಿ ಕೇಳುತ್ತಿದ್ದ ಮಾವ, "ಕುಬೇರನ ಸವಾಸ ನಮಗ್ಯಾಕ್ಲಾ" ಎಂದು ಆ ಮಾತನ್ನು ಅಲ್ಲೇ ಮುಗಿಸಿದರು.

ಬಂದವರಿಗೆ ಪುಟ ಬಡಿಸುವ ವೆಬ್ ಸರ್ವರ್ ಸಾಫ್ಟ್‌ವೇರ್ ಅಪಾಚೆನೋ ಎಂಜಿನ್‌ಎಕ್ಸೋ ಅಂತ ಒಂದು ವಾರ ಕುವೆಂಪುನಗರದ ನನ್ನ ರೂಮಿನಲ್ಲಿ ನಿದ್ದೆಗೆಟ್ಟೆ. ಅಪಾಚೆ 1995ರದ್ದು, ಹಳೇ ಕೈ. ಎಂಜಿನ್‌ಎಕ್ಸ್ ರಷ್ಯಾದ ಇಗೊರ್ ಸಿಸೊಯೆವ್ ಮಾಡಿ 2004ರಲ್ಲಿ ಹೊರಗೆ ಬಿಟ್ಟದ್ದು. ಒಂದೇ ಹೊತ್ತಿಗೆ ಹತ್ತು ಸಾವಿರ ಜನ ಬಂದರೂ ತಾಳಬೇಕು ಅನ್ನೋದು ಅದರ ಹಿಂದಿದ್ದ ಲೆಕ್ಕ. ಹತ್ತು ಸಾವಿರ ಅಚ್ಚು ಬೆಲ್ಲ ಬೇಕಾದರೆ ನಮ್ಮಲ್ಲಿ ಸಿಗುತ್ತೆ, ಹತ್ತು ಸಾವಿರ ಜನ ಎಲ್ಲಿಂದ ತರೋಣ? ಅಪಾಚೆಯನ್ನೇ ಹಾಕಿದೆ, ಜೊತೆಗೆ ಪುಟ ಕಟ್ಟೋಕೆ ಪಿಎಚ್‌ಪಿ.

ಡೇಟಾಬೇಸ್ ಆರಿಸಿದ್ದು ಮಾತ್ರ ಮಾವನೇ. ಮೈಸೀಕ್ವೆಲ್ ಮಾಡಿದ ಮಾಂಟಿ ವಿಡೇನಿಯಸ್ ಅದಕ್ಕೆ ಇಟ್ಟದ್ದು ಮಗಳ ಹೆಸರು, ಅವಳು 'ಮೈ'. ಆಮೇಲೆ ಅದರಿಂದಲೇ ಕವಲು ಒಡೆಸಿ ಮಾಡಿದ ಮರಿಯಾಡಿಬಿಗೆ ಚಿಕ್ಕ ಮಗಳು ಮರಿಯಾಳ ಹೆಸರು. ಮಾವನಿಗೂ ಇಬ್ಬರು ಹೆಣ್ಣುಮಕ್ಕಳು. ಈ ಕಥೆ ಕೇಳಿ ಅವರ ಮುಖ ಅರಳಿತು. "ಚಿಕ್ಕೋಳ್ದೇ ಇರ್ಲಿ, ಮುದ್ದು ಜಾಸ್ತಿ" ಎಂದರು. ತಂತ್ರಜ್ಞಾನ ಆರಿಸೋಕೆ ಇದಕ್ಕಿಂತ ಕೆಟ್ಟ ಕಾರಣಗಳನ್ನು ನಾನು ಕೇಳಿದ್ದೇನೆ.

ಸಂಕ್ರಾಂತಿ ಹಿಂದಿನ ಸಂಜೆಯವರೆಗೆ ಎಲ್ಲ ಚೆನ್ನಾಗಿತ್ತು. ದಿನಕ್ಕೆ ಆರು ಜನ ಬರುತ್ತಿದ್ದರು, ಅದರಲ್ಲಿ ನಾಲ್ಕು ಸಲ ನಾನೇ. ಆವತ್ತು ಮಾವ ಲಿಂಕನ್ನು ತಮ್ಮ ಹನ್ನೊಂದು ವಾಟ್ಸಾಪ್ ಗುಂಪಿಗೆ ಎಸೆದರು. ನಾನು ಅಮ್ಮನ ಜೊತೆ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಾ ಕೂತಿದ್ದೆ. ಫೋನ್ ಬಂತು.

"ಅಳಿಯ, ಬೆಲ್ಲ ಕಾಣ್ತಿಲ್ಲ. ಅದ್ಯಾವ್ದೋ ಇಂಗ್ಲಿಸು ಬತ್ತಾ ಐತೆ."

ಕೊಬ್ಬರಿ ಕೈಯಲ್ಲೇ ಸರ್ವರಿನ ದಿನಚರಿ, ಅಂದರೆ ಲಾಗ್ ತೆಗೆದೆ. ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್, ಮರಿಯಾಡಿಬಿ.

"ಮಾವ, ಡೇಟಾಬೇಸ್‌ನ ಕೊಂದುಬಿಟ್ಟಿದೆ."

"ಆ ಮಗೀನಾ? ಯಾವನ್ಲಾ ಅವ್ನು ಕೊಂದೋನು?"

"ಲಿನಕ್ಸೇ ಮಾವ, ಇಡೀ ಸರ್ವರ್ ನೋಡಿಕೊಳ್ಳೋ ಸಾಫ್ಟ್‌ವೇರು. ಮೆಮೊರಿ ಖಾಲಿಯಾದರೆ ಜಾಸ್ತಿ ತಿನ್ನೋರನ್ನ ನೋಡಿ ಒಬ್ಬರನ್ನ ಮುಗಿಸುತ್ತೆ."

"ಮನೆ ಕಾಯಾಕೆ ಇಟ್ಟೋನೇ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆ. ನಾನು ಹಾಕಿದ ಅಪಾಚೆಯಲ್ಲಿ ಬಂದವರಿಗೆಲ್ಲ ಒಬ್ಬೊಬ್ಬ ಕೆಲಸದವನು. ಪಿಎಚ್‌ಪಿ ಹೊತ್ತುಕೊಂಡ ಒಬ್ಬನಿಗೆ ಹೆಚ್ಚುಕಡಿಮೆ 30 ಎಂಬಿ. ನಾನು ಮುಟ್ಟದೆ ಬಿಟ್ಟಿದ್ದ ಸೆಟ್ಟಿಂಗಿನಲ್ಲಿ 150 ಜನರಿಗೆ ಅನುಮತಿ. ಅಂದರೆ 4,500 ಎಂಬಿ. ಇದ್ದದ್ದು ಸಾವಿರ ಚಿಲ್ಲರೆ. ಸಿವಿಲ್ ಓದಿದವನು ಭಾರದ ಲೆಕ್ಕ ಹಾಕದೆ ಮಾಳಿಗೆ ಎಬ್ಬಿಸಿದ್ದೆ.

ಹಬ್ಬದ ದಿನವೇ ಆಲೆಮನೆಗೆ ಹೋದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ಮಾವ ನೊರೆ ತೆಗೆಯುತ್ತಿದ್ದರು. ಪುಟ ಹೇಗೆ ಬರುತ್ತೆ ಅಂತ ವಿವರಿಸಿದೆ. ಒಬ್ಬರು ಬಂದರೆ ಡೇಟಾಬೇಸ್ ಕೇಳಬೇಕು, ದರ ತರಬೇಕು, ಪುಟ ಕಟ್ಟಿ ಕೊಡಬೇಕು. ಇನ್ನೊಬ್ಬರು ಬಂದರೆ ಮತ್ತೆ ಅಷ್ಟೂ.

ಮಾವ ಹುಟ್ಟು ಹಿಡಿದ ಕೈಯಲ್ಲೇ ಬಾಗಿಲ ಕಡೆ ತೋರಿಸಿದರು. ಅಲ್ಲಿ ಕರಿಹಲಗೆ. ಸೀಮೆಸುಣ್ಣದಲ್ಲಿ ಮೂರು ದರ.

"ನಾ ಬೆಳಗ್ಗೆ ಒಂದ್ಸಲ ಬರೀತೀನಿ. ಬಂದೋರ್ಗೆಲ್ಲ ಹೊಸದಾಗಿ ಬರ್ದು ಕೊಡ್ತೀನೇನ್ಲಾ?"

ಏಳನೇ ಕ್ಲಾಸು ಓದಿದ ಮಾವ ಒಲೆ ಮುಂದೆ ನಿಂತು ಕ್ಯಾಶಿಂಗ್ ಕಂಡುಹಿಡಿದಿದ್ದರು.

ವಾಪಸ್ ಬಂದು ಎಲ್ಲ ಕಿತ್ತೆ. ಎಂಜಿನ್‌ಎಕ್ಸ್ ಬಂತು. ಪಿಎಚ್‌ಪಿಗೆ ಐದೇ ಜನ ಕೆಲಸದವರು, ಮಿಕ್ಕವರು ಕಾಯಲಿ. ಒಮ್ಮೆ ಕಟ್ಟಿದ ಪುಟವನ್ನೇ ಎಲ್ಲರಿಗೂ ತೋರಿಸುವ ಹಾಗೆ ಮಾಡಿದೆ, ಕ್ಯಾಶಿಂಗ್ ಅಂದರೆ ಅದೇ. ಡೇಟಾಬೇಸ್ ಎಸ್‌ಕ್ಯೂಎಲೈಟ್, ಇಡೀ ವ್ಯವಹಾರ ಒಂದೇ ಫೈಲಿನಲ್ಲಿ. ಬೇರೆ ಸರ್ವರ್ ಬೇಡ, ಕೊಲ್ಲೋಕೂ ಯಾರೂ ಸಿಗೋಲ್ಲ. ಮಾವನ ಆಂಡ್ರಾಯ್ಡ್ ಫೋನಿನೊಳಗೂ ಅದೇ ಇದೆ. ಚಿಕ್ಕ ಮಗಳನ್ನು ಮನೆಯಿಂದ ಕಳಿಸಿದ ವಿಷಯ ಅವರಿಗೆ ಇನ್ನೂ ಹೇಳಿಲ್ಲ.

ಹೊಸ ದರ ಹಾಕಿದ ಕೂಡಲೇ ಹಳೇ ಪುಟ ತಾನೇ ಅಳಿಯಬೇಕು, ಅದಕ್ಕೆ ಎರಡು ಸಾಲು ಬರೆಯಬೇಕಿತ್ತು. ನಾಳೆ ಬರೆದರಾಯ್ತು ಅಂತ ದಿನಾ ಬೆಳಗ್ಗೆ ಕೈಯಲ್ಲೇ ಅಳಿಸುತ್ತಿದ್ದೆ. ಯುಗಾದಿ ಹಿಂದಿನ ವಾರ ಯಾರದೋ ಮದುವೆಗೆ ಅಂತ ಮೂರು ದಿನ ಊರಲ್ಲಿರಲಿಲ್ಲ. ಊಟದ ಪಂಕ್ತಿಯಲ್ಲಿ ಫೋನ್ ಬಂತು.

"ಚನ್ನಪಟ್ಟಣದ ಸಾವ್ಕಾರ್ರು ಬಂದು ಫೋನ್ ತೋರುಸ್ತಾ ಅವ್ರೆ. ಮೂರ್ ದಿನದ್ ಹಿಂದಿನ ದರ. ಕ್ವಿಂಟಾಲ್‌ಗೆ 120 ಕಮ್ಮಿ. ಬೋರ್ಡು ಒರ್ಸಾಕೆ ಮರ್ತೆ ಅಲ್ವಾ?"

"ಹೂಂ ಮಾವ... ಕೊಟ್ಟರಾ?"

"ಬರ್ದಿರೋ ದರ ಅಲ್ವೇನ್ಲಾ, ಕೊಟ್ಟೆ. ಹತ್ತು ಕ್ವಿಂಟಾಲು. ಸಾವಿರದ ಇನ್ನೂರು ನಿನ್ ಲೆಕ್ಕಕ್ಕೆ ಬರ್ಕಂಡಿವ್ನಿ. ಊಟ ಮಾಡು."