ಆಡ್ತಿಲ್ಲ ಮಾಮ, ಡೈಲಿ ಮುಗಿಸ್ತಿದೀನಿ

ಅಕ್ಕನ ಮಗ ಬಂದಿದ್ದಾನೆ. 14 ವರ್ಷ. ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕೂತು ಮೊಬೈಲ್ ತಟ್ಟುತ್ತಿದ್ದ. ಪರದೆಯ ಮೇಲೆ ಬಣ್ಣ, ಬೆಳಕು, ಕಿಡಿ, ಏನೇನೋ ಸಿಡಿಯುತ್ತಿತ್ತು. ಇವನ ಮುಖ ಮಾತ್ರ ಲೆಕ್ಕದ ಹೋಂವರ್ಕ್ ಬರೆಯುವವನ ಮುಖ.

"ಏನೋ ಆಡ್ತಿದೀಯಾ?" ಅಂದೆ.

ತಲೆ ಎತ್ತದೆ ಹೇಳಿದ: "ಆಡ್ತಿಲ್ಲ ಮಾಮ, ಡೈಲಿ ಮುಗಿಸ್ತಿದೀನಿ."

ಎರಡು ದಿನದಿಂದ ಈ ಮಾತು ತಲೆಯಿಂದ ಇಳಿಯುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಕೆಲಸ ಇದ್ದವರು ಈಗಲೇ ಎದ್ದು ಹೋಗಬಹುದು.

ಡೈಲಿ ಅಂದರೆ ಗೊತ್ತಿಲ್ಲದವರಿಗೆ: ಗೇಮ್ ದಿನಾ ನಿಮಗೆ ಮೂರೋ ನಾಲ್ಕೋ ಕೆಲಸ ಕೊಡುತ್ತದೆ. ಹತ್ತು ಜನರನ್ನು ಹೊಡಿ. ಐದು ಪೆಟ್ಟಿಗೆ ತೆರೆ. ಒಂದು ಪಂದ್ಯ ಗೆಲ್ಲು. ಮುಗಿಸಿದರೆ ಒಂದಿಷ್ಟು ಚೂರುಪಾರು ಬಹುಮಾನ. ಒಂದು ದಿನ ತಪ್ಪಿದರೆ ಸರಪಳಿ ಕಡಿದು ಮತ್ತೆ ಒಂದರಿಂದ ಶುರು. ಹಾಜರಿ ಪುಸ್ತಕ ಅಲ್ವಾ ಇದು? ನಾನು ಆಫೀಸಿನಲ್ಲಿ ಬೆರಳು ಒತ್ತಿ ಹಾಜರಿ ಹಾಕುವುದಕ್ಕೆ ಸಂಬಳವಾದರೂ ಬರುತ್ತದೆ.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಗೇಮ್ ಕಂಡರೆ ಉರಿದು ಬೀಳುವ ಜಾತಿಯವನಲ್ಲ. ಹಾಸ್ಟೆಲ್‌ನಲ್ಲಿ ನನ್ನ ಜೊತೆ ಇದ್ದವರು ಇಲ್ಲೇ ನಾಲ್ಕೈದು ಜನ ಇದ್ದೀರಿ, ಬಾಣದ ಕೀಗಳ ಮೇಲಿನ ಗುರುತು ಪೂರ್ತಿ ಅಳಿಸಿಹೋಗಿದ್ದ ಕೀಬೋರ್ಡ್ ಯಾರದ್ದು ಅಂತ ಸಾಕ್ಷಿ ಹೇಳಿ. ರೋಡ್ ರ‍್ಯಾಶ್ ಅನ್ನುವ ಬೈಕ್ ರೇಸ್ ಗೇಮ್‌ನಲ್ಲಿ ಪಕ್ಕದ ಬೈಕಿನವನಿಗೆ ಒದೆಯುವಾಗ ನಾನೇ ಕುರ್ಚಿಯಿಂದ ಬಿದ್ದ ಕಥೆಯನ್ನು ದಯವಿಟ್ಟು ಕಾಮೆಂಟಿನಲ್ಲಿ ಹಾಕಬೇಡಿ. ಮಕ್ಕಳು ಓದುತ್ತಾರೆ.

ಆ ನಾನು ಕಳೆದ ತಿಂಗಳು ಒಂದು ಹೊಸ ಗೇಮ್ ಕೊಂಡೆ. ಹೆಸರು ಬೇಡ, ಎಲ್ಲವೂ ಹೀಗೇ ಇವೆ. ಶನಿವಾರ ರಾತ್ರಿ, ಎಲ್ಲರೂ ಮಲಗಿದ್ದರು, ಎರಡು ಗಂಟೆ ನನ್ನದೇ. ಗೇಮ್ ತೆರೆದೆ. ಅಪ್‌ಡೇಟ್ ಬೇಕಂತೆ. ಆಯ್ತಪ್ಪ. ಮುಕ್ಕಾಲು ಗಂಟೆ ಒಂದು ನೀಲಿ ಗೆರೆ ಉದ್ದವಾಗುವುದನ್ನು ನೋಡುತ್ತಾ ಕೂತೆ. ಆಮೇಲೆ ಖಾತೆ ತೆರೆ ಅಂದಿತು. ತೆರೆದೆ. ಇನ್ನೊಂದು ಖಾತೆ ತೆರೆ, ಇದು ನಮ್ಮದು, ಅದು ಅಂಗಡಿಯದು ಅಂದಿತು. ಅದನ್ನೂ ತೆರೆದೆ. ಒಂದು ಮಾರುದ್ದದ ಒಪ್ಪಂದ ಬಂತು, ಓದದೆ ಒಪ್ಪಿದೆ. ಆಮೇಲೆ ಸೀಸನ್, ಅಂದರೆ ಗೇಮಿನ ಈ ಸಲದ ಸುತ್ತು, ಶುರುವಾಗಿ ಹನ್ನೆರಡು ದಿನ ಆಗಿದೆ, ನೀನು ಹಿಂದೆ ಬಿದ್ದಿದ್ದೀಯ ಅಂತ ತಿಳಿಸಿತು. ಅಲ್ಲ, ನಾನು ಈಗಷ್ಟೇ ಬಾಗಿಲು ತೆಗೆದಿದ್ದೇನೆ. ಆಗಲೇ ಹಿಂದೆ ಬಿದ್ದೆನಾ?

ಆ ರಾತ್ರಿ ನಾನು ಆಡಿದ್ದು ಒಟ್ಟು ಹನ್ನೊಂದು ನಿಮಿಷ. ಅದರಲ್ಲೂ ಆರು ನಿಮಿಷ ನಡೆಯುವುದು ಹೇಗೆ ಅಂತ ಕಲಿಸಿದರು.

ಈಗ ಹಳೆಯದನ್ನು ನೆನೆಯದೆ ಇರಲು ಆಗುತ್ತಾ? 1985ರ ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಗೇಮ್ 40 ಕಿಲೋಬೈಟ್. ನಾವು ಬೆಳಗ್ಗೆ ಎದ್ದು ವಾಟ್ಸಾಪ್‌ನಲ್ಲಿ ಕಳಿಸುವ ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ದಪ್ಪ ಇರುತ್ತದೆ. ಜಾಗ ಎಷ್ಟು ಕಡಿಮೆ ಅಂದರೆ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಅಷ್ಟು ವರ್ಷ ಆಡಿದರೂ ನನಗೆ ಅದು ಕಂಡಿರಲಿಲ್ಲ. ಗೊತ್ತಾದ ದಿನ ಮೋಸ ಹೋದೆ ಅನಿಸಲಿಲ್ಲ, ಎಷ್ಟು ಚೆನ್ನಾಗಿ ಹೊಂದಿಸಿದ್ದಾರಲ್ಲ ಅಂತ ಖುಷಿಯೇ ಆಯಿತು.

ಬಟನ್ ಒತ್ತಿದರೆ ಆಟ ಶುರು. ಎಡಗಡೆ ನಿಂತಿದ್ದೀಯ, ಬಲಗಡೆ ಖಾಲಿ ಇದೆ, ನಡಿ. ಎದುರಿಗೆ ಏನೋ ಒಂದು ಬರುತ್ತದೆ, ತಾಗಿದರೆ ಸಾಯುತ್ತೀಯ. ಸತ್ತ ಮೇಲೆ ಗೊತ್ತಾಯಿತಲ್ಲ, ಹಾರಬೇಕು ಅಂತ? ಪಾಠ ಮುಗಿಯಿತು. ಆರು ನಿಮಿಷ ಯಾರೂ ನಿನ್ನ ಕೈ ಹಿಡಿದು ನಡೆಸಲಿಲ್ಲ.

ಮತ್ತೆ, ಅದು ಮುಗಿಯುತ್ತಿತ್ತು! ನನ್ನ ತಕರಾರು ಇರುವುದೇ ಇಲ್ಲಿ. ಗ್ರಾಫಿಕ್ಸ್ ಚೆನ್ನಾಗಿಲ್ಲ, ಕಥೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇವತ್ತಿನ ಗೇಮ್‌ಗೆ "ಆಯ್ತು, ಮುಗೀತು, ಹೋಗಿ ಮಲಗು" ಅನ್ನಲು ಬರುವುದಿಲ್ಲ. ಗೇಮ್ ಓವರ್ ಅನ್ನುವ ಎರಡು ಪದಗಳನ್ನು ನೋಡಿದರೆ ನಮಗೆ ಆಗ ಮೈ ಉರಿಯುತ್ತಿತ್ತು. ಈಗ ಅನಿಸುತ್ತದೆ, ನಿನ್ನನ್ನು ಬಿಟ್ಟಿದ್ದೇನೆ ಹೋಗು ಅಂತ ಅದು ಹೇಳುತ್ತಿತ್ತು.

ಪ್ರಿನ್ಸ್ ಆಫ್ ಪರ್ಷಿಯಾ ನೆನಪಿಸಿಕೊಳ್ಳಿ. 1989ರದು. ಕೊಟ್ಟಿದ್ದು 60 ನಿಮಿಷ. ಅಷ್ಟರಲ್ಲಿ ರಾಜಕುಮಾರಿಯನ್ನು ಬಿಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಜೋರ್ಡನ್ ಮೆಕ್ನರ್ ಅನ್ನುವ ಒಬ್ಬನೇ ಮನುಷ್ಯ ಕೂತು ವರ್ಷಗಟ್ಟಲೆ ಮಾಡಿದ ಆಟ. ಸ್ವಂತ ತಮ್ಮನನ್ನು ಓಡಿಸಿ, ಹಾರಿಸಿ, ನೇತಾಡಿಸಿ ವಿಡಿಯೋ ಮಾಡಿಕೊಂಡು, ಅದನ್ನು ನೋಡಿ ಒಂದೊಂದೇ ಚಿತ್ರ ಬಿಡಿಸಿದ್ದ. ಅದಕ್ಕೇ ಆ ರಾಜಕುಮಾರ ಓಡಿ ನಿಲ್ಲುವಾಗ ಒಂದು ಹೆಜ್ಜೆ ಜಾರಿ ನಿಲ್ಲುತ್ತಾನೆ, ನಿಮ್ಮ ಹಾಗೆ, ನನ್ನ ಹಾಗೆ. ಇನ್ನೊಂದು ಪಾತ್ರ ಸೇರಿಸಲು ಮೆಮೊರಿಯಲ್ಲಿ ಜಾಗ ಇರಲಿಲ್ಲ. ಏನು ಮಾಡಿದ? ರಾಜಕುಮಾರನ ಚಿತ್ರಗಳನ್ನೇ ಒಂದು ಚೂರು ಸರಿಸಿ, ಅದರ ಮೇಲೇ ಹಾಕಿ, ಒಂದು ನೆರಳು ಮನುಷ್ಯನನ್ನು ಹುಟ್ಟಿಸಿದ. ಕನ್ನಡಿಯೊಳಗಿಂದ ಹಾರಿ ಬರುತ್ತಾನಲ್ಲ, ಅವನು. ಅವನನ್ನು ಕತ್ತಿಯಿಂದ ಹೊಡೆದರೆ ನಿಮಗೇ ಪೆಟ್ಟು. ಕೊನೆಗೆ ಕತ್ತಿ ಕೆಳಗಿಳಿಸಿ ಅವನ ಕಡೆ ನಡೆಯಬೇಕು. ಅದು ನನಗೆ ತಾನಾಗಿ ಹೊಳೆದ ರಾತ್ರಿ ಪಕ್ಕದ ರೂಮಿನವರನ್ನೆಲ್ಲ ಎಬ್ಬಿಸಿದ್ದೆ. (ಸರಿ ಸರಿ. ತಾನಾಗಿ ಹೊಳೆದಿದ್ದಲ್ಲ. ಸೀನಿಯರ್ ಒಬ್ಬ ಹೇಳಿದ್ದ. ಎಬ್ಬಿಸಿದ್ದು ಮಾತ್ರ ನಿಜ.)

ಜಾಗ ಇಲ್ಲದೆ ಹುಟ್ಟಿದ ನೆರಳು ಅದು. ಈಗ 150 ಗಿಗಾಬೈಟ್ ಇದ್ದೂ ನನಗೆ ಕೊಡುವುದು ಹತ್ತು ಪೆಟ್ಟಿಗೆ ತೆರೆಯುವ ಕೆಲಸ.

ಚೀಟ್ ಕೋಡ್, ಅಂದರೆ ಒತ್ತಿದರೆ ಆಟ ಸುಲಭವಾಗುವ ಗುಟ್ಟಿನ ಅಕ್ಷರಗಳ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಡೂಮ್ ಅನ್ನುವ ಗೇಮ್‌ನಲ್ಲಿ ಐಡಿಡಿಕ್ಯೂಡಿ ಅಂತ ಒತ್ತಿದರೆ ಸಾವೇ ಇಲ್ಲ. ಐಡಿಕೆಎಫ್ಎ ಅಂದರೆ ಎಲ್ಲ ಬಂದೂಕು ಕೈಗೆ. ವೈಸ್ ಸಿಟಿಯಲ್ಲಿ ಪ್ಯಾಂಜರ್ ಅಂತ ಬರೆದರೆ ಆಕಾಶದಿಂದ ಉದುರಿದ ಹಾಗೆ ಎದುರಿಗೆ ಟ್ಯಾಂಕ್. ಕಾಂಟ್ರಾದ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಇವತ್ತಿಗೂ ನನ್ನ ಹೆಬ್ಬೆರಳಿಗೆ ಬಾಯಿಪಾಠ. 30 ಲೈಫ್! ಕಾಸು ಕೇಳಲಿಲ್ಲ, ಖಾತೆ ಕೇಳಲಿಲ್ಲ. ಆಟ ಮಾಡಿದವರೇ ಹಿಂಬಾಗಿಲು ಇಟ್ಟಿದ್ದರು, ಯಾರೋ ಒಬ್ಬ ಚೀಟಿಯಲ್ಲಿ ಬರೆದು ತರುತ್ತಿದ್ದ.

ಈಗ ಅದೇ ಸಾಮಾನು ಅಂಗಡಿಯಲ್ಲಿದೆ. ಬೇಗ ಬೆಳೆಯಬೇಕಾ, ದುಡ್ಡು ಹಾಕು. ಕಾಯೋದು ಬೇಡವಾ, ದುಡ್ಡು ಹಾಕು. 2006ರಲ್ಲಿ ಆಬ್ಲಿವಿಯನ್ ಅನ್ನುವ ಗೇಮಿನವರು ಕುದುರೆಗೆ ತೊಡಿಸುವ ಕವಚಕ್ಕೆ ಬೇರೆ ದುಡ್ಡು ಅಂದಾಗ ಲೋಕವೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ. ನಕ್ಕವರೆಲ್ಲ ಈಗ ಮಕ್ಕಳಿಗೆ ಸ್ಕಿನ್ (ಗೇಮಿನ ಪಾತ್ರಕ್ಕೆ ಹಾಕುವ ವೇಷ) ಕೊಡಿಸುತ್ತಿದ್ದೇವೆ. 2018ರಲ್ಲಿ ಬೆಲ್ಜಿಯಂ ದೇಶ ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳನ್ನು ಜೂಜು ಅಂತಲೇ ಕರೆಯಿತು. ಒಳಗೆ ಏನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆಗೆ ದುಡ್ಡು ಕೊಡುವುದಕ್ಕೆ ಬೇರೆ ಹೆಸರಿದ್ದರೆ ಹೇಳಿ.

ಈಗ ಬುದ್ಧಿವಂತರು ಬರುತ್ತಾರೆ. ಅಂಗಡಿಯಲ್ಲಿ ನಾಣ್ಯ ಹಾಕಿ ಆಡುವ ಹಳೆಯ ಆರ್ಕೇಡ್ ಗೇಮ್‌ಗಳೂ ನಾಣ್ಯ ನುಂಗಲೆಂದೇ ಕಷ್ಟವಾಗಿದ್ದವು ಅಂತ. ಹೌದು, ಇದ್ದವು. ಆದರೆ ಸತ್ತ ಮೇಲೆ ಕೇಳುತ್ತಿದ್ದವು. ಮನೆಗೆ ಬಂದು ರಾತ್ರಿ ಹನ್ನೊಂದಕ್ಕೆ "ನಿನ್ನನ್ನು ತುಂಬಾ ಮಿಸ್ ಮಾಡ್ತಿದೀವಿ" ಅಂತ ಮೆಸೇಜ್ ಹಾಕುತ್ತಿರಲಿಲ್ಲ.

ಹಳೆಯದೆಲ್ಲ ಚಿನ್ನ ಅಂತೀಯಾ ಅಂತ ಇನ್ನೊಬ್ಬರು. ಎಲ್ಲಿ ಅಂದೆ? 1982ರಲ್ಲಿ ಅಟಾರಿ ಅನ್ನುವ ಗೇಮ್ ಕಂಪನಿಯವರು ಇ.ಟಿ. ಸಿನಿಮಾದ ಗೇಮನ್ನು ಐದೇ ವಾರದಲ್ಲಿ ಮಾಡಿಸಿದರು. ಕೊಂಡವರು ಬೈದರು, ಮಾರಾಟವಾಗದೆ ಉಳಿದ ಕಾರ್ಟ್ರಿಡ್ಜ್‌ಗಳು (ಗೇಮ್ ತುಂಬಿದ ಡಬ್ಬಿಗಳು) ಅಮೆರಿಕದ ನ್ಯೂ ಮೆಕ್ಸಿಕೋದ ಅಲಮೊಗೊರ್ಡೋದಲ್ಲಿ ಮಣ್ಣು ಸೇರಿದವು. 2014ರಲ್ಲಿ ಅಗೆದು ತೆಗೆದರು. ಅಷ್ಟು ಕೆಟ್ಟ ಗೇಮ್ ಕೂಡ 30 ವರ್ಷ ಮಣ್ಣೊಳಗೆ ಇದ್ದು ಹೊರಗೆ ಬಂತು ನೋಡಿ. ಹೂಳುವುದಕ್ಕಾದರೂ ಒಂದು ವಸ್ತು ಇತ್ತು. ಅದೇ 2014ರಲ್ಲಿ ಯೂಬಿಸಾಫ್ಟ್ ಕಂಪನಿಯ ದಿ ಕ್ರ್ಯೂ ಅನ್ನುವ ಕಾರ್ ಗೇಮ್ ಬಂತು. 2024ರ ಮಾರ್ಚ್ 31ಕ್ಕೆ ಸರ್ವರ್ ಆರಿಸಿದರು. ಒಬ್ಬನೇ ಆಡುತ್ತೇನೆ ಅಂದರೂ ಆಗುವುದಿಲ್ಲ, ಏಕೆಂದರೆ ಒಬ್ಬನೇ ಆಡುವುದಕ್ಕೂ ಅವರ ಸರ್ವರ್ ಬೇಕಿತ್ತು. ಡಿಸ್ಕ್ ಕೈಯಲ್ಲಿದೆ, ಗೇಮ್ ಇಲ್ಲ. ನಮಗೆ ಮುಗಿಸಲು ಬಿಡದ ಗೇಮ್‌ಗಳನ್ನು ಅವರು ಮಾತ್ರ ಬೇಕೆಂದಾಗ ಮುಗಿಸಬಹುದು. ಇದು ಯಾವ ನ್ಯಾಯ?

ಬಾಲ್ಡರ್ಸ್ ಗೇಟ್ 3, ಸ್ಟಾರ್‌ಡ್ಯೂ ವ್ಯಾಲಿ ಥರದ ಈಚಿನ ಗೇಮ್ ನೋಡಿಲ್ವಾ ಅಂತ ಕೇಳುವವರಿಗೆ: ನೋಡಿದ್ದೇನೆ, ಚೆನ್ನಾಗಿವೆ, ಒಳಗೆ ನಿಜವಾದ ದುಡ್ಡು ಕೇಳುವ ಅಂಗಡಿ ಇಲ್ಲ, ಕೈ ಮುಗಿದೆ. ಊರಲ್ಲಿ ಇಬ್ಬರು ಒಳ್ಳೆಯವರಿದ್ದಾರೆ ಅಂತ ಉಳಿದವರಿಗೆ ಸರ್ಟಿಫಿಕೇಟ್ ಕೊಡಲು ಆಗುವುದಿಲ್ಲ.

ಕೊನೆಯದಾಗಿ ಹೆಂಡತಿಯ ವಾದ. "ಗೇಮ್ ಬದಲಾಗಿಲ್ಲ, ನಿಮಗೆ ವಯಸ್ಸಾಗಿದೆ." ಇದಕ್ಕೆ ಉತ್ತರ ಕೊಟ್ಟು ಬದುಕುವುದು ಕಷ್ಟ, ಆದರೂ ಇಲ್ಲಿ ಹೇಳುತ್ತೇನೆ, ಅವಳು ಫೇಸ್‌ಬುಕ್ ನೋಡುವುದಿಲ್ಲ. ವಯಸ್ಸಾಗಿದ್ದರೆ ಟೆಟ್ರಿಸ್ ಕೂಡ ಬೇಜಾರಾಗಬೇಕಿತ್ತಲ್ಲ? 1984ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ್ದು, ನಾನು ಇವತ್ತಿಗೂ ಆಡುತ್ತೇನೆ. ಇಟ್ಟಿಗೆ ಬೀಳುತ್ತದೆ, ಜೋಡಿಸುತ್ತೇನೆ, ಸೋಲುತ್ತೇನೆ, ಮಲಗುತ್ತೇನೆ. 2023ರ ಡಿಸೆಂಬರ್‌ನಲ್ಲಿ 13 ವರ್ಷದ ಹುಡುಗನೊಬ್ಬ ಅದರ ಹಳೆಯ ನಿಂಟೆಂಡೋ ಆವೃತ್ತಿಯನ್ನು ಆಡುತ್ತಾ ಆಡುತ್ತಾ 157ನೇ ಲೆವೆಲ್ ತಲುಪಿ, ಗೇಮೇ ಕೈಚೆಲ್ಲಿ ನಿಂತುಹೋಯಿತು. ಆ ಹುಡುಗನ ಮುಖ ವಿಡಿಯೋದಲ್ಲಿ ನೋಡಿ. ಉಸಿರು ಸಿಗುತ್ತಿಲ್ಲ ಅವನಿಗೆ. ಅವನಿಗಿಂತ ಎಷ್ಟೋ ಹಳೆಯ ಗೇಮ್ ಅದು. ವಯಸ್ಸಂತೆ!

ಒಂದು ವಿಷಯ ಹೇಳಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಹೇಳಿಬಿಡುತ್ತೇನೆ.

ಅಕ್ಕನ ಮಗನ ಮಾತು ನನಗೆ ಇಷ್ಟು ಚುಚ್ಚಿದ್ದು ಸುಮ್ನೆ ಅಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಫೋನಿನಲ್ಲೂ ಅಂಥದ್ದೊಂದು ಇತ್ತು. ದಿನಾ ಲಾಗಿನ್ ಆಗಿ 211 ದಿನ ಆಗಿತ್ತು. ಅಮ್ಮನ ಆಪರೇಷನ್ ಆದ ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೆ. ಒಳಗಿನಿಂದ ಇನ್ನೂ ಸುದ್ದಿ ಬಂದಿರಲಿಲ್ಲ. ಗಡಿಯಾರ ನೋಡಿದೆ, ಹನ್ನೆರಡಾಗಲು ಹತ್ತು ನಿಮಿಷ. ಫೋನ್ ತೆಗೆದು, ಶಬ್ದ ಆರಿಸಿ, ನನ್ನ ಡೈಲಿ ಮುಗಿಸಿದೆ. 212. ಒಂದು ಹಸಿರು ಟೋಪಿ ಕೊಟ್ಟರು. ಆಗ ಅಕ್ಕ ಎದುರಿಗೆ ನಿಂತಿದ್ದಳು. ಯಾರಿಗೋ ಮೆಸೇಜ್ ಮಾಡುತ್ತಿದ್ದೇನೆ ಅಂದುಕೊಂಡಳು, ನಾನೂ ಹಾಗೇ ಬಿಟ್ಟೆ. ಅಮ್ಮ ಚೆನ್ನಾಗಿದ್ದಾರೆ. ಆ ಗೇಮನ್ನು ಮಾರನೆಯ ದಿನವೇ ತೆಗೆದುಹಾಕಿದೆ ಅಂತ ಬರೆಯಲು ಕೈ ಹೋಗುತ್ತಿದೆ, ಆದರೆ 240 ದಾಟುವವರೆಗೂ ತೆಗೆಯಲಿಲ್ಲ. ಮಜಾ ಅಂದರೆ, ಆ ಟೋಪಿ ಹಾಕಿಕೊಂಡು ಒಂದು ಸಲವೂ ಆಡಲಿಲ್ಲ. ಆಡುವುದನ್ನು ಬಿಟ್ಟು ಎಷ್ಟೋ ತಿಂಗಳಾಗಿತ್ತು. ಹಾಜರಿ ಮಾತ್ರ ಹಾಕುತ್ತಿದ್ದೆ.

ಇರಲಿ. ನಿನ್ನೆ ಸಂಜೆ ಹುಡುಗನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ ಪ್ರಿನ್ಸ್ ಹಾಕಿಕೊಟ್ಟೆ. "ಇದೇನು ಮಾಮ, ಇಷ್ಟು ಕಮ್ಮಿ ಬಣ್ಣ" ಅಂದ. ಕತ್ತಿ ಎಲ್ಲಿದೆ ಅಂತ ಕೇಳಿದ, ಹುಡುಕು ಅಂದೆ. ಮೊಳೆಗಳ ಮೇಲೆ ಬಿದ್ದು ಸತ್ತ. ಮತ್ತೆ ಸತ್ತ. ನಾನು ತೋರಿಸ್ತೀನಿ ಅಂತ ಕಸಿದುಕೊಂಡು ನಾನೂ ಅದೇ ಮೊಳೆಗಳ ಮೇಲೆ ಸತ್ತೆ. ಅವನು ನಕ್ಕಿದ್ದು ನೋಡಬೇಕಿತ್ತು. ಮೂರನೇ ಲೆವೆಲ್‌ನಲ್ಲಿ ಬಿದ್ದಿದ್ದ ಅಸ್ಥಿಪಂಜರ ಎದ್ದು ನಿಂತಾಗ ಇಬ್ಬರೂ ಒಟ್ಟಿಗೆ ಕಿರುಚಿದೆವು, ಅದು ಏಳುತ್ತದೆ ಅಂತ ನನಗೆ ಗೊತ್ತಿದ್ದೂ. ಎಷ್ಟು ಹೊಡೆದರೂ ಅದು ಸಾಯುವುದಿಲ್ಲ, ಅಂಚಿಗೆ ತಳ್ಳಿ ಬೀಳಿಸಬೇಕು. ಅದನ್ನು ನಾನು ಹೇಳಲಿಲ್ಲ. ಅವನೇ ಕಂಡುಕೊಂಡ.

ಊಟಕ್ಕೆ ಎರಡು ಸಲ ಕರೆದರು, ಕೇಳಿಸಲಿಲ್ಲ. 60 ನಿಮಿಷ ಮುಗಿದು ಸೋತೆವು. "ಅಷ್ಟೇನಾ?" ಅಂದ. ಅಷ್ಟೇ ಅಂದೆ. ಸ್ವಲ್ಪ ಹೊತ್ತು ಪರದೆ ನೋಡುತ್ತಾ ಕೂತ. "ಇನ್ನೊಂದು ಸಲ ಮಾಮ?" ಅಂದ.

ರಾತ್ರಿ ಮಲಗಲು ಹೋಗುವಾಗ ಹನ್ನೆರಡಾಗಲು ಸ್ವಲ್ಪ ಬಾಕಿ ಇತ್ತು. ಅವನ ಫೋನ್ ಮಧ್ಯಾಹ್ನದಿಂದ ಸೋಫಾದ ಸಂದಿಯಲ್ಲೇ ಬಿದ್ದಿತ್ತು. ಎತ್ತಿ ಕೊಡುತ್ತಾ, ಏನೋ ದೊಡ್ಡ ಉಪಕಾರ ಮಾಡುವವನ ಹಾಗೆ, "ಇವತ್ತಿನ ಡೈಲಿ ಆಯ್ತೇನೋ?" ಅಂದುಬಿಟ್ಟೆ.

"ಅಯ್ಯೋ!" ಅಂತ ಕಸಿದುಕೊಂಡು ಓಡಿದ.

ಬಾಯಿ ಮುಚ್ಕೊಂಡು ಇರಬೇಕಿತ್ತು.