ಇಂಗಿನ ಡಬ್ಬಿಯ ಆಂಪ್ಲಿಫೈಯರ್

ನಮ್ಮ ಮನೆಯಲ್ಲಿ ಅಂಗೈಯಷ್ಟು ಅಗಲದ ಒಂದು ತಗಡಿನ ಡಬ್ಬಿ ಇತ್ತು. ನಾನು ಹುಟ್ಟುವ ಮೊದಲು ಅದರಲ್ಲಿ ಇಂಗು ಇತ್ತಂತೆ. ನನಗೆ ಬುದ್ಧಿ ಬಂದಾಗಿನಿಂದ ನೋಡಿದ್ದು ಗುಂಡಿ, ಪಿನ್ನು, ಸೂಜಿ. ಇಂಗು ಮುಗಿದು ಐವತ್ತು ವರ್ಷ ಆಗಿದ್ದರೂ ವಾಸನೆ ಮಾತ್ರ ಮನೆ ಖಾಲಿ ಮಾಡಿರಲಿಲ್ಲ. ಒಂದು ಭಾನುವಾರ ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾಗ ಅದಕ್ಕೆ ನಾಲ್ಕು ತೂತು ಕೊರೆದೆ.

ಹೆಡ್‌ಫೋನ್ ಆಂಪ್ಲಿಫೈಯರ್ ಮಾಡೋಕೆ. ಫೋನಿಗೂ ಹೆಡ್‌ಫೋನಿಗೂ ನಡುವೆ ಕೂತು ಸದ್ದು ಏರಿಸುವ ಪೆಟ್ಟಿಗೆ ಅದು.

ಈ ಹುಳ ತಲೆಗೆ ಬಿಟ್ಟವನು ಆಫೀಸಿನ ಗೆಳೆಯ. ಫೋನಿಗೆ ನೇರವಾಗಿ ಹೆಡ್‌ಫೋನ್ ಚುಚ್ಚಿಕೊಂಡು ಹಾಡು ಕೇಳೋದು ತುಪ್ಪ ಇಲ್ಲದೆ ಹೋಳಿಗೆ ತಿಂದ ಹಾಗೆ ಅಂದ. ಅಲ್ಲಿಯವರೆಗೆ ನಾನು ತುಪ್ಪ ಇಲ್ಲದ ಹೋಳಿಗೆ ತಿಂದುಕೊಂಡು ಸುಖವಾಗಿದ್ದೆ. ಅವನ ಹತ್ತಿರ ಇರುವ ಆಂಪ್ಲಿಫೈಯರ್ ಬೆಲೆ ಹನ್ನೆರಡು ಸಾವಿರ. ನನ್ನ ಹೆಡ್‌ಫೋನ್ ಬೆಲೆ ಎರಡು ಸಾವಿರ. ಮೂಗಿಗಿಂತ ಮೂಗುತಿ ಭಾರ ಆಗೋದು ಬೇಡ ಅಂತ ಬಡವರ ದಾರಿ ಹುಡುಕಿದೆ. ಅದೂ ಇತ್ತು. 1990ರ ದಶಕದ ಕೊನೆಯಲ್ಲಿ ಚು ಮೊಯ್ ಅನ್ನುವವರು ಇಂಟರ್ನೆಟ್ಟಿನಲ್ಲಿ ಒಂದು ಸರ್ಕ್ಯೂಟ್ ಹಾಕಿದರು. ಅದಕ್ಕೆ ಸಿಮೊಯ್ ಅಂತಲೇ ಹೆಸರು ಬಿತ್ತು. ಎಂಟು ಕಾಲಿನ ಒಂದು ಐಸಿ ಚಿಪ್, ರೆಸಿಸ್ಟರು ಕೆಪಾಸಿಟರು ಅಂತ ಒಂದು ಹಿಡಿ ಬಿಡಿಭಾಗ, ಒಂದು 9 ವೋಲ್ಟ್ ಬ್ಯಾಟರಿ. ಅಷ್ಟೇ. ಅಮೆರಿಕದವರು ಅದನ್ನು ಆಲ್ಟಾಯ್ಡ್ಸ್ ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಕೂರಿಸುತ್ತಾರೆ. ನಾವು ಇಂಗಿನ ಕಡೆಯವರು.

ಎಸ್‌ಪಿ ರೋಡಿಗೆ ಹೋದೆ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನಿನ ಆ ರಸ್ತೆ ಎಂಥದ್ದು ಅಂದರೆ, ಕೇಳಿದ್ದೆಲ್ಲ ಸಿಗುತ್ತೆ, ಆದರೆ ಕೇಳೋಕೆ ಬರಬೇಕು. “ಹತ್ತು ಕೆ ರೆಸಿಸ್ಟರ್ ಎರಡು ಕೊಡಿ” ಅಂದೆ. ಅಂಗಡಿಯವನು ನನ್ನನ್ನು ಒಂದು ಎಲೆ ಕರಿಬೇವು ಕೇಳಿದವನ ಹಾಗೆ ನೋಡಿದ. ನೂರರ ಕಟ್ಟು ಕೊಟ್ಟ. ಉಳಿದ ತೊಂಬತ್ತೆಂಟು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿವೆ. ಮೊಮ್ಮಕ್ಕಳಿಗೆ ಆಗುತ್ತೆ. ಒಟ್ಟು ಆರುನೂರು ರೂಪಾಯಿ ಚಿಲ್ಲರೆಯಲ್ಲಿ ಸಾಮಾನು ಮುಗಿಯಿತು.

ಬೆಸುಗೆ ಹಾಕುವಾಗ ತಗಡು ಕಾದು ಮನೆಯೆಲ್ಲ ಒಗ್ಗರಣೆ ವಾಸನೆ. ಹೆಂಡತಿ ಅಡುಗೆಮನೆಗೆ ಓಡಿಹೋಗಿ ಒಲೆ ನೋಡಿ ಬಂದಳು. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅಂತಾರಲ್ಲ, ನನ್ನ ಹತ್ತಿರ ತೆಂಗು ಇರಲಿಲ್ಲ.

ಆದರೂ ದೀಪ ಹತ್ತಿತು! ಹೆಡ್‌ಫೋನ್ ಹಾಕಿಕೊಂಡು ಕೂತೆ. ಪರೀಕ್ಷೆ ಶುರು.

ಧ್ವನಿಯನ್ನು ಬಣ್ಣಿಸೋಕೆ ಈ ಲೋಕದಲ್ಲಿ ಬೇರೆಯದೇ ಮಾತುಗಳಿವೆ. ವಾರ್ಮ್, ಬ್ರೈಟ್, ಏರಿ, ಟೈಟ್. ಸದ್ದು ಸುತ್ತ ಹರಡಿಕೊಂಡ ಹಾಗೆ ಕೇಳಿಸಿದರೆ ಅದು ಸೌಂಡ್‌ಸ್ಟೇಜ್. ಅರ್ಧ ಹವಾಮಾನ ವರದಿ, ಅರ್ಧ ದರ್ಜಿಯ ಅಂಗಡಿ. ನಾನೂ ಒಂದು ನೋಟ್‌ಬುಕ್ ತೆಗೆದು ಮೂರು ದಿನ ಬರೆದೆ. ಅದು ಈಗಲೂ ಇದೆ, ಮಗಳು ಸುಡೋಕೆ ಬಿಟ್ಟಿಲ್ಲ. ಮೊದಲ ದಿನ: “ಸೌಂಡ್‌ಸ್ಟೇಜ್ ಅಗಾಧ. ಪಿಟೀಲುಗಳು ತಲೆಯ ಸುತ್ತ ಹರಡಿಕೊಂಡಿವೆ. ಗಾಯಕಿ ಎಲ್ಲೋ ದೂರದ ಗುಡ್ಡದ ಮೇಲೆ ನಿಂತು ಹಾಡಿದಂತಿದೆ.” ಎರಡನೇ ದಿನ: “ಬಾಸ್ ಹಿತಮಿತ. ಎಲ್ಲೂ ಅತಿ ಇಲ್ಲ. ಫೋನಿನಲ್ಲಿ ಕೇಳಿದಾಗ ಡೋಲು ಗುದ್ದುತ್ತಿತ್ತು, ಇಲ್ಲಿ ಸಭ್ಯವಾಗಿದೆ.”

ಮೂರನೇ ದಿನದ್ದು ಬರೆಯೋಕೆ ಸ್ವಲ್ಪ ನಾಚಿಕೆ. ಅವತ್ತು 1960ರ ದಶಕದ ಒಂದು ಹಳೇ ಚಿತ್ರಗೀತೆ ಹಾಕಿದೆ. ಪಿ.ಬಿ. ಶ್ರೀನಿವಾಸ್ ಧ್ವನಿ. ಏನೂ ಕೇಳಿಸಲಿಲ್ಲ. ದುಬಾರಿ ಆಂಪ್ಲಿಫೈಯರುಗಳ ಬಗ್ಗೆ ಬರೆಯುವವರು “ಕಪ್ಪು ಹಿನ್ನೆಲೆ” ಅಂತ ಒಂದು ಮಾತು ಹೇಳುತ್ತಾರೆ. ಗೊರಗೊರ ಸದ್ದಿಲ್ಲದ ನಿಶ್ಶಬ್ದ, ಅದರೊಳಗಿಂದ ಸ್ವರ ಮೂಡಿ ಬರಬೇಕು. ನಾನು ಗೌರವದಿಂದ ಕಣ್ಣುಮುಚ್ಚಿ ಕಾದೆ. ಸ್ವರ ಮೂಡಲಿಲ್ಲ. ಹಾಡೇ ಕೆಟ್ಟಿದೆ ಅಂದುಕೊಂಡು ಇನ್ನೊಂದು ಕಡೆಯಿಂದ ಇಳಿಸಿಕೊಂಡೆ. ಅದೂ ಕಪ್ಪು. ನೋಟ್‌ಬುಕ್ಕಿನಲ್ಲಿ ಬರೆದೆ: “ಹಳೇ ರೆಕಾರ್ಡಿಂಗುಗಳ ದೋಷವನ್ನು ಈ ಯಂತ್ರ ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆಯುತ್ತದೆ.”

ಸಂಜೆ ಅಮ್ಮನಿಗೆ ಡಬ್ಬಿ ಸಿಕ್ಕಿಬಿತ್ತು.

“ನನ್ನ ಡಬ್ಬಿ ಅಲ್ವೇನೋ ಇದು?”

ಬೈಗುಳ ತಪ್ಪಿಸಿಕೊಳ್ಳೋಕೆ ತಕ್ಷಣ ಹೆಡ್‌ಫೋನ್ ಅವಳ ತಲೆಗೆ ಹಾಕಿ ಒಂದು ದೇವರನಾಮ ಶುರು ಮಾಡಿದೆ. ಅಮ್ಮ ಕೇಳಿದಳು. ತಲೆದೂಗಿದಳು. ನನಗೆ ಹೆಮ್ಮೆ.

“ಚೆನ್ನಾಗಿದೆ ಕಣೋ. ಹಾಡು ಯಾವಾಗ ಶುರುವಾಗುತ್ತೆ?”

“ಆಗಲೇ ಶುರುವಾಗಿ ಎರಡು ನಿಮಿಷ ಆಯ್ತಮ್ಮ.”

“ಮತ್ತೆ ಹಾಡೋಳು ಎಲ್ಲಿ? ಬರೀ ಪಿಟೀಲು ಬರ್ತಿದೆ. ಯಾರೋ ಪಕ್ಕದ ಮನೆ ಬಾವಿಯೊಳಗೆ ಗೊಣಗುಟ್ಟಿದ ಹಾಗಿದೆ.”

ನನ್ನ ಗುಡ್ಡ ಅವಳಿಗೆ ಬಾವಿ ಆಗಿತ್ತು. ಡಬ್ಬಿ ಬಿಚ್ಚಿದೆ. ಹೆಡ್‌ಫೋನ್ ಸಾಕೆಟ್ಟಿಗೆ ಮೂರು ವೈರು ಬರುತ್ತವೆ. ಎಡಗಿವಿಗೆ ಒಂದು, ಬಲಗಿವಿಗೆ ಒಂದು, ಎರಡೂ ಕಿವಿಗೆ ಸೇರಿದ್ದು ಒಂದು, ಅದೇ ಗ್ರೌಂಡ್. ನನ್ನ ಬೆಸುಗೆಯಲ್ಲಿ ಆ ಮೂರನೆಯದು ಸಾಕೆಟ್ಟಿನ ಪಕ್ಕದಲ್ಲಿ ಸುಮ್ನೆ ಮುಟ್ಟಿದ ಹಾಗೆ ನಟಿಸುತ್ತ ನಿಂತಿತ್ತು. ಗ್ರೌಂಡ್ ತಪ್ಪಿದರೆ ಏನಾಗುತ್ತೆ ಅಂದರೆ, ಎಡಗಡೆಯ ಕರೆಂಟು ಒಂದು ಕಿವಿ ದಾಟಿ ಇನ್ನೊಂದು ಕಿವಿಯ ಮೂಲಕ ಬಲಗಡೆಗೆ ಹೋಗಬೇಕು. ಹಗ್ಗಜಗ್ಗಾಟ. ಎರಡು ಕಡೆಯೂ ಒಂದೇ ಬಲದಲ್ಲಿ ಎಳೆದರೆ ಹಗ್ಗ ಅಲುಗಾಡಲ್ಲ. ಎರಡೂ ಕಿವಿಗೆ ಸಮನಾಗಿ ಬರುವ ಸದ್ದೆಲ್ಲ ಮಾಯ. ರೆಕಾರ್ಡಿಂಗಿನಲ್ಲಿ ಹಾಡುವವರನ್ನು ನಟ್ಟನಡುವೆ ಕೂರಿಸುತ್ತಾರೆ. ಡೋಲಿನ ಗುದ್ದನ್ನೂ ಸಾಮಾನ್ಯವಾಗಿ ಅಲ್ಲೇ. ಅವರೆಲ್ಲ ಎದ್ದುಹೋಗಿದ್ದರು. ಉಳಿದದ್ದು ಬದಿಯಲ್ಲಿ ಕೂತ ಪಿಟೀಲು ಮತ್ತು ಗೋಡೆಯ ಪ್ರತಿಧ್ವನಿ. ಅದೇ ನನ್ನ ಅಗಾಧ ಸೌಂಡ್‌ಸ್ಟೇಜ್. ಇನ್ನು ಆ ಹಳೇ ಹಾಡು ಮೋನೊ. ಅದರಲ್ಲಿ ಎಡ ಬಲ ಅಂತ ಭೇದವೇ ಇಲ್ಲ. ಎಲ್ಲವೂ ಸಮ, ಎಲ್ಲವೂ ಶೂನ್ಯ. ಶ್ರೀನಿವಾಸ್ ಅವರ ದೋಷವನ್ನು ನಾನು ಬಯಲಿಗೆಳೆದಿದ್ದೆ.

ಒಂದು ಚುಕ್ಕೆ ಬೆಸುಗೆ ಹಾಕಿದೆ. ಗಾಯಕಿ ಗುಡ್ಡದಿಂದ ಇಳಿದು ಕಿವಿಯಲ್ಲೇ ಬಂದು ನಿಂತಳು. ಡೋಲು ಅಸಭ್ಯವಾಗಿ ಗುದ್ದತೊಡಗಿತು. ಆಗ ನನಗೆ ಮತ್ತೆ ಅನ್ನಿಸಿತು, ಫೋನಿಗಿಂತ ಎಷ್ಟು ಚೆನ್ನಾಗಿದೆ! ಬಾಯಿಬಿಟ್ಟು ಹೇಳಿದೆ. ಅದೇ ತಪ್ಪಾಗಿದ್ದು.

ಮಗಳು ಪಿಯುಸಿ ಓದುತ್ತಾಳೆ, ಅಪ್ಪನ ಮಾತು ನಂಬಬಾರದು ಅನ್ನುವಷ್ಟು ವಿಜ್ಞಾನ ಬಂದಿದೆ. “ಕಣ್ಣು ಮುಚ್ಚಿ ಹೇಳಪ್ಪ ನೋಡೋಣ” ಅಂದಳು. ನಾನು ಗೋಡೆ ಕಡೆ ತಿರುಗಿ ಕೂತೆ. ಅವಳು ಹಿಂದಿನಿಂದ ಒಮ್ಮೆ ಫೋನಿಗೆ, ಒಮ್ಮೆ ಡಬ್ಬಿಗೆ ಪಿನ್ ಚುಚ್ಚಿ ಯಾವುದು ಅಂತ ಕೇಳಿದಳು. ಹದಿನಾರು ಸಲ. ಹದಿನೈದು ಸರಿ ಹೇಳಿದೆ! ಕುಣಿದೆ.

“ಇರಪ್ಪ, ಡಬ್ಬಿ ಒಂಚೂರು ಜೋರಾಗಿದೆ” ಅಂದಳು. ಅದು ಹಳೇ ವಿಷಯವಂತೆ, ಒಂದು ಡೆಸಿಬಲ್‌ನಷ್ಟು ಜೋರಾದರೂ ನಮ್ಮ ಕಿವಿಗೆ ಅದು ಜೋರು ಅನ್ನಿಸಲ್ಲ, ಚೆನ್ನಾಗಿದೆ ಅನ್ನಿಸುತ್ತೆ. ನಾನು ಮಾಡಿದ ಸರ್ಕ್ಯೂಟು ಬಂದದ್ದನ್ನು ಹನ್ನೊಂದು ಪಟ್ಟು ಏರಿಸುತ್ತೆ. ಹಾಗಾಗಿ ಸದ್ದಿನ ತಿರುಪನ್ನು ಇರುವೆ ನಡೆದಷ್ಟು ತಿರುಗಿಸಿದರೂ ಸಾಕು. ಅವಳು ನನ್ನದೇ ಮಲ್ಟಿಮೀಟರ್ ತಂದಳು. ಫೋನಿನಲ್ಲಿ 100 ಹರ್ಟ್ಸಿನ ಒಂದು ಸ್ವರ ಗುಂಯ್ ಅನ್ನಿಸುತ್ತ, ಎರಡೂ ಕಡೆ ವೋಲ್ಟು ಒಂದೇ ಬರುವ ತನಕ ತಿರುಪನ್ನು ಸರಿಮಾಡಿದಳು. ಪಂಚಾಂಗ ನೋಡುವವರ ತಾಳ್ಮೆ ಅವಳಿಗೆ. ಮತ್ತೆ ಹದಿನಾರು ಸಲ.

ಒಂಬತ್ತು.

“ನಾಣ್ಯ ಚಿಮ್ಮಿದ್ದರೂ ಎಂಟು ಬರುತ್ತಿತ್ತು” ಅಂದಳು. ಹದಿನಾರಕ್ಕೆ ಹನ್ನೆರಡಾದರೂ ಬಂದರೆ ಮಾತ್ರ ಏನೋ ಕೇಳಿಸುತ್ತಿದೆ ಅಂತ ಒಪ್ಪಬಹುದಂತೆ. ನಾನು ಗೋಡೆ ಕಡೆ ಮುಖ ಮಾಡಿಕೊಂಡೇ ಇದ್ದೆ. ತಿರುಗೋಕೆ ಮನಸ್ಸಾಗಲಿಲ್ಲ. ಹೋಗಲಿ ಅಂತ ಬಿಟ್ಟಳಾ? ಇಲ್ಲ. ಫೋನಿನಲ್ಲಿ 15,000 ಹರ್ಟ್ಸಿನ ಕೀರಲು ಸದ್ದು ಹಾಕಿ “ಕೇಳಿಸ್ತಾ?” ಅಂದಳು. “ಹಾಕು ಮೊದಲು” ಅಂದೆ. ಅವಳು ಆಗಲೇ ಕಿವಿ ಮುಚ್ಚಿಕೊಂಡು ಮುಖ ಕಿವುಚಿದ್ದಳು. ನನಗೆ 12,000ದ ಹತ್ತಿರ ಬಾಗಿಲು ಮುಚ್ಚುತ್ತೆ. ಹೆಡ್‌ಫೋನ್ ಡಬ್ಬದ ಮೇಲೆ 20,000 ಹರ್ಟ್ಸ್ ಅಂತ ಬರೆದದ್ದಕ್ಕೂ ಸೇರಿಸಿ ದುಡ್ಡು ಕೊಟ್ಟಿದ್ದೆ.

ಗೆಳೆಯನಿಗೆ ಫೋನ್ ಮಾಡಿ ಜಗಳ ತೆಗೆದೆ. ಅವನು ಸಮಾಧಾನವಾಗಿ “ನಿನ್ನ ಹೆಡ್‌ಫೋನ್ ಎಷ್ಟು ಓಮ್?” ಅಂತ ಕೇಳಿದ. ಕರೆಂಟಿಗೆ ಅದು ಒಡ್ಡುವ ತಡೆಯ ಅಳತೆ ಅದು. ನನ್ನದು 32. “ಅಯ್ಯೋ, ಅದಕ್ಕೆ ಫೋನೇ ಜಾಸ್ತಿ ಆಯ್ತು” ಅಂದ. ಅವನ ಹತ್ತಿರ ಇರೋದು ಸೆನ್‌ಹೈಸರ್ ಎಚ್‌ಡಿ 600, ಅದು 300 ಓಮ್. ಅಂಥದ್ದಕ್ಕೆ ವೋಲ್ಟ್ ಜಾಸ್ತಿ ಬೇಕು, ಫೋನಿಗೆ ಏದುಸಿರು ಬರುತ್ತೆ, ಆಗ ಆಂಪ್ಲಿಫೈಯರ್ ಕೆಲಸಕ್ಕೆ ಬರುತ್ತೆ. ನನ್ನದು ಸೈಕಲ್ಲಿಗೆ ಲಾರಿ ಇಂಜಿನ್ ಕಟ್ಟಿದ ಕತೆ. ಇದನ್ನು ಹೋಳಿಗೆ ವಿಷಯ ಎತ್ತಿದ ದಿನವೇ ಹೇಳಬಹುದಿತ್ತು, ಅಲ್ವಾ?

ಡಬ್ಬಿ ಬಿಚ್ಚಿ ಗುಂಡಿ, ಪಿನ್ನು ವಾಪಸ್ ತುಂಬೋಣ ಅಂತ ಹುಡುಕಿದರೆ ಡಬ್ಬಿ ಇಲ್ಲ. ಅಮ್ಮನ ಕೋಣೆಯಲ್ಲಿ ಇತ್ತು. ಹೆಡ್‌ಫೋನೂ ಅಲ್ಲೇ. ಅಮ್ಮ ಮಂಚದ ಮೇಲೆ ಕೂತು ಬೆಳಗಿನ ಸುಪ್ರಭಾತ ಕೇಳುತ್ತಿದ್ದಳು, ರಾತ್ರಿ ಎಂಟಕ್ಕೆ.

“ಇದು ಒಳ್ಳೇದಿದೆ ಕಣೋ. ತಿರುಗಿಸೋಕೆ ಒಂದು ತಿರುಪಿದೆ. ಹಳೇ ರೇಡಿಯೋ ಹಾಗೆ. ಆ ಫೋನಿನಲ್ಲಿ ಸದ್ದು ಜಾಸ್ತಿ ಮಾಡೋಕೆ ಹೋದರೆ ಫೋಟೋ ತೆಗೆಯುತ್ತೆ.”

ನಿಜ. ಸದ್ದಿನ ಗುಂಡಿಯ ಜೊತೆ ಪಕ್ಕದ್ದನ್ನೂ ಒತ್ತಿ ಅವಳ ಫೋನಿನ ತುಂಬ ಸ್ಕ್ರೀನ್‌ಶಾಟುಗಳು. ನಾನು ಹದಿನಾರು, ಒಂಬತ್ತು, ಓಮ್ ಎಲ್ಲ ವಿವರಿಸಿದೆ. ಫೋನಿಗೂ ಇದಕ್ಕೂ ಒಂದು ಚೂರೂ ವ್ಯತ್ಯಾಸ ಇಲ್ಲಮ್ಮ ಅಂದೆ.

“ನಿನಗೆ ಹಾಡೋಳು ಇಲ್ಲದಿದ್ದೇ ಮೂರು ದಿನ ಗೊತ್ತಾಗಲಿಲ್ಲ” ಅಂದಳು.

ಎರಡು ವಾರ ಕಳೆದ ಮೇಲೆ ಗೆಳೆಯ ಒಂದು ಹೊಸ ಐಸಿ ಕೊಟ್ಟ. ಇದನ್ನು ಹಾಕು, ಸ್ವರಕ್ಕೆ ಜೀವ ಬರುತ್ತೆ ಅಂದ. ಮಗಳ ಕ್ರಮದಲ್ಲೇ ಅಳೆದು ನೋಡಿಬಿಡೋಣ ಅಂತ ಮಲ್ಟಿಮೀಟರ್ ತೆಗೆದೆ. ಪರದೆ ಖಾಲಿ. ಹಿಂದೆ ತಿರುಗಿಸಿದರೆ ಮುಚ್ಚಳ ಇಲ್ಲ, ಒಳಗೆ 9 ವೋಲ್ಟಿನ ಬ್ಯಾಟರಿಯೂ ಇಲ್ಲ. ಅಮ್ಮನ ಕೋಣೆಯಿಂದ ಸಣ್ಣಗೆ ಇಂಗಿನ ವಾಸನೆ ಬರುತ್ತಿತ್ತು.