ಮೂರು ದಿನ ಸುಮ್ಮನಿರುವ ವೈರಾಣು

ಕೊರೊನಾ ವೈರಾಣುವಿನ ರಚನೆ, ರೂಪಾಂತರ, ಹರಡುವ ಬಗೆ ಎಲ್ಲವನ್ನೂ ವಿಜ್ಞಾನಿಗಳು ಕಂಡುಹಿಡಿದರು. ಆದರೆ ಅದಕ್ಕೆ ಕ್ಯಾಲೆಂಡರ್ ನೋಡಲು ಬರುತ್ತದೆ, ಹೋಟೆಲ್ ಕೊಠಡಿ ಎಷ್ಟು ದಿನಕ್ಕೆ ಕಾದಿರಿಸಿದೆ ಎಂದು ವಿಚಾರಿಸುತ್ತದೆ, ರಾಜ್ಯದ ಗಡಿ ದಾಟಿದೊಡನೆ ಸ್ವಭಾವ ಬದಲಿಸುತ್ತದೆ ಎಂಬುದನ್ನು ಪತ್ತೆಹಚ್ಚಿದ ಕೀರ್ತಿ ಮಾತ್ರ ಸುತ್ತೋಲೆ ಬರೆಯುವವರಿಗೇ ಸಲ್ಲಬೇಕು.

2020ರ ಜುಲೈನಲ್ಲಿ ಹಿಮಾಚಲ ಪ್ರದೇಶ ಪ್ರವಾಸಿಗರಿಗೆ ಬಾಗಿಲು ತೆರೆಯಿತು. 72 ಗಂಟೆಯೊಳಗಿನ ನೆಗೆಟಿವ್ ವರದಿ ಇರಬೇಕು, ಜೊತೆಗೆ ಕನಿಷ್ಠ 5 ದಿನಕ್ಕೆ ಕೊಠಡಿ ಕಾದಿರಿಸಿರಬೇಕು. ಎರಡು ದಿನ ಶಿಮ್ಲಾ ನೋಡಿಕೊಂಡು ಹೊರಡುತ್ತೇನೆ ಎಂದವನು ಅಪಾಯಕಾರಿ, ಐದು ದಿನ ಠಿಕಾಣಿ ಹೂಡುವವನು ನಿರಪಾಯಿ. ಅಕ್ಟೋಬರಿನಲ್ಲಿ ಕೇರಳವೂ ತೆರೆಯಿತು. ಅಲ್ಲಿ ಎಲ್ಲ ತಿರುವುಮುರುವು. 7 ದಿನದೊಳಗೆ ಹೊರಟುಬಿಟ್ಟರೆ ಕ್ವಾರಂಟೈನ್ ಇಲ್ಲ, ಅದನ್ನು ಮೀರಿ ಉಳಿದರೆ ಸ್ವಂತ ಖರ್ಚಿನಲ್ಲಿ ಪರೀಕ್ಷೆ. ಬೆಟ್ಟದ ವೈರಾಣುವಿಗೆ ಅವಸರದವರನ್ನು ಕಂಡರಾಗದು, ಕಡಲ ತೀರದ ವೈರಾಣುವಿಗೆ ಝಂಡಾ ಊರುವವರನ್ನು ಕಂಡರಾಗದು. ಸೋಂಕು ತಗುಲಿ ಲಕ್ಷಣ ಕಾಣಿಸಿಕೊಳ್ಳಲು 2ರಿಂದ 14 ದಿನ ಹಿಡಿಯುತ್ತದೆ ಎಂದು ವೈದ್ಯರು ಹೇಳುತ್ತಲೇ ಇದ್ದರು. ಪಾಪ, ಅವರು ರೋಗವನ್ನಷ್ಟೇ ಓದಿದವರು.

ಕರ್ನಾಟಕ ಹಿಂದೆ ಬೀಳುವುದುಂಟೆ? 2021ರ ಆಗಸ್ಟ್ ಕೊನೆಯಲ್ಲಿ ಕೇರಳದಿಂದ ಬರುವ ವಿದ್ಯಾರ್ಥಿಗಳಿಗೂ ನೌಕರರಿಗೂ 7 ದಿನದ ಸಾಂಸ್ಥಿಕ ಕ್ವಾರಂಟೈನ್ ಕಡ್ಡಾಯವಾಯಿತು. ಲಸಿಕೆ ಹಾಕಿಸಿಕೊಂಡಿರಲಿ, ವರದಿ ನೆಗೆಟಿವ್ ಇರಲಿ, ವಿನಾಯಿತಿ ಇಲ್ಲ. ಆದರೆ 3 ದಿನದೊಳಗೆ ಮರಳುವವರಿಗೆ ಇದೆ! ಓದಲು ಬಂದವನ ಮೂಗಿನ ವೈರಾಣು ಕೋಣೆಯೊಳಗೆ ಕೂರಬೇಕು, ಅರಮನೆ ನೋಡಲು ಬಂದವನದು ಮೂರು ದಿನ ಊರೆಲ್ಲ ಸುತ್ತಬಹುದು. ನಾಲ್ಕನೆಯ ದಿನ ಬೆಳಿಗ್ಗೆ ಅದು ಎಚ್ಚರಗೊಳ್ಳುತ್ತದೆ ಎಂಬ ಖಾತರಿ ಸರ್ಕಾರಕ್ಕೆ ಎಲ್ಲಿಂದ ಸಿಕ್ಕಿತೋ.

ಸಾಂವಿಧಾನಿಕ ಹುದ್ದೆಯಲ್ಲಿರುವವರಿಗೂ ವಿನಾಯಿತಿ ಇತ್ತು. ದೊಡ್ಡವರನ್ನು ಕಂಡರೆ ಈ ವೈರಾಣು ದಾರಿ ಬಿಡುತ್ತದೆ ಎಂಬುದು ಮೊದಲೇ ತಿಳಿದಿದ್ದ ವಿಷಯ. 2020ರ ಮೇ 25ರಂದು, ದೇಶದೊಳಗಿನ ವಿಮಾನ ಹಾರಾಟ ಮತ್ತೆ ಶುರುವಾದ ದಿನವೇ, ದೆಹಲಿಯಿಂದ ಬೆಂಗಳೂರಿಗೆ ಬಂದಿಳಿದ ಅಂದಿನ ಕೇಂದ್ರ ಸಚಿವ ಡಿ.ವಿ. ಸದಾನಂದಗೌಡರು ಕ್ವಾರಂಟೈನ್ ಗೋಜಿಗೆ ಹೋಗದೆ ಕಾರು ಹತ್ತಿ ಹೊರಟರು. ಔಷಧ ಪೂರೈಕೆಯ ಹೊಣೆ ತಮ್ಮ ಖಾತೆಯದು, ತಮಗೆ ವಿನಾಯಿತಿ ಇದೆ ಎಂದರು. ಅದೇ ದೆಹಲಿಯಿಂದ ಬಂದ ಸಾಮಾನ್ಯರಿಗೆ 7 ದಿನದ ಸಾಂಸ್ಥಿಕ ಕ್ವಾರಂಟೈನ್, ಹೋಟೆಲ್ ಬೇಕೆಂದರೆ ಸ್ವಂತ ದುಡ್ಡು. ಪ್ರವಾಸಿಗರಿಲ್ಲದೆ ನೊಣ ಹೊಡೆಯುತ್ತಿದ್ದ ಹೋಟೆಲುಗಳಿಗೆ ಹೀಗಾದರೂ ಅತಿಥಿಗಳು ಸಿಕ್ಕರು. ಪ್ರೇಕ್ಷಣೀಯ ಸ್ಥಳ ಒಂದೇ: ಕಿಟಕಿಯಾಚೆಯ ಗೋಡೆ.

ಇನ್ನು ಗಡಿಯ ಚೆಕ್‌ಪೋಸ್ಟ್. ಒಂದು ಶಾಮಿಯಾನ, ಮೇಜು, ಮುಖಗವಸನ್ನು ಗಲ್ಲಕ್ಕೆ ಇಳಿಸಿಕೊಂಡ ಸಿಬ್ಬಂದಿ. ಎಸಿ ಕಾರಿನಿಂದ ಇಳಿದವನ ಹಣೆಗೆ ಜ್ವರ ಅಳೆಯುವ ಪಿಸ್ತೂಲು ಹಿಡಿದರೆ 33 ಡಿಗ್ರಿ. ಆ ಲೆಕ್ಕದಲ್ಲಿ ಅವನನ್ನು ತಕ್ಷಣ ಕಂಬಳಿ ಹೊದಿಸಿ ಆಸ್ಪತ್ರೆಗೆ ಸಾಗಿಸಬೇಕು. "ಸರಿ ಇದೆ, ಮುಂದೆ ಹೋಗಿ" ಎನ್ನುತ್ತಾರೆ. ಮುಂದೆ ರಿಜಿಸ್ಟರ್, ಅದಕ್ಕೆ ಟ್ವೈನ್ ದಾರದಲ್ಲಿ ಕಟ್ಟಿದ ಒಂದೇ ಪೆನ್ನು. ಬೆಳಗಿನಿಂದ ಬಂದವರೆಲ್ಲ ಅದೇ ಪೆನ್ನು ಹಿಡಿದು ತಮಗೆ ಸೋಂಕಿಲ್ಲವೆಂದು ಸಹಿ ಮಾಡಿದ್ದಾರೆ. ವೈರಾಣುವಿಗೆ ಗಡಿಯಲ್ಲಿ ಅದಕ್ಕಿಂತ ಒಳ್ಳೆಯ ಸ್ವಾಗತ ಏರ್ಪಡಿಸುವುದು ಕಷ್ಟ.

ಜನರ ಓಡಾಟಕ್ಕೆ ಅಡ್ಡಿ ಮಾಡಬೇಡಿ, ಪಾಸು ಕೇಳಬೇಡಿ ಎಂದು ಕೇಂದ್ರ ಗೃಹ ಇಲಾಖೆ 2020ರ ಆಗಸ್ಟ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆಯಿತು. ಸೇವಾ ಸಿಂಧು ನೋಂದಣಿ, ಕೈಗೆ ಒತ್ತುವ ಮುದ್ರೆ, 14 ದಿನದ ಕ್ವಾರಂಟೈನ್ ಎಲ್ಲವನ್ನೂ ಕರ್ನಾಟಕ ಕೈಬಿಟ್ಟಿತು. ಮುಂದಿನ ಫೆಬ್ರುವರಿಯ ಹೊತ್ತಿಗೆ ಕೇರಳದ ಗಡಿಯಲ್ಲಿ ಮತ್ತೆ ಬ್ಯಾರಿಕೇಡ್.

ಇಷ್ಟಕ್ಕೂ 2022ರೊಳಗೆ ದೇಶದೊಳಗಿನ 15 ತಾಣಗಳನ್ನಾದರೂ ನೋಡಿ ಎಂದು ಪ್ರಧಾನಿ 2019ರ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯಿಂದ ಕರೆ ಕೊಟ್ಟಿದ್ದರು. ಬಹಳಷ್ಟು ಜನ ನೋಡಿದ್ದು ಅಡುಗೆಮನೆ, ಪಡಸಾಲೆ, ತಾರಸಿ. ಈ ಕೊರತೆಯನ್ನು ನೀಗಿಸಲೋ ಎಂಬಂತೆ 2020ರ ಅಕ್ಟೋಬರ್ 12ರಂದು ಹಣಕಾಸು ಸಚಿವರು ಕೇಂದ್ರ ನೌಕರರಿಗೆ ಹೊಸ ದಾರಿ ತೋರಿಸಿದರು. ಪ್ರವಾಸ ಭತ್ಯೆ ಬೇಕೆಂದರೆ ಪ್ರವಾಸ ಹೋಗಬೇಕಾಗಿಲ್ಲ. ಪ್ರಯಾಣದರದ 3 ಪಟ್ಟು ಹಣಕ್ಕೆ, ಶೇ 12 ಅಥವಾ ಅದಕ್ಕಿಂತ ಹೆಚ್ಚು ಜಿಎಸ್‌ಟಿ ಇರುವ ಸಾಮಾನನ್ನು ಡಿಜಿಟಲ್ ಪಾವತಿಯಲ್ಲಿ ಕೊಂಡು 2021ರ ಮಾರ್ಚ್ 31ರೊಳಗೆ ಬಿಲ್ಲು ತೋರಿಸಿದರೆ ಸಾಕು. ಕಾಶ್ಮೀರಕ್ಕೆ ಹೋಗಬೇಕೆಂದಿದ್ದವರು ಫ್ರಿಜ್ ತಂದರು. ಅದು ಬೇರೆ ರಾಜ್ಯದ ಕಾರ್ಖಾನೆಯಿಂದ ಎಷ್ಟೋ ಗಡಿಗಳನ್ನು ದಾಟಿ ಬಂದಿತ್ತು, ಆದರೆ ಒಂದು ಕಡೆಯೂ ಯಾರೂ ಅದರ ಕೈಗೆ ಮುದ್ರೆ ಒತ್ತಲಿಲ್ಲ.